ನೂರು ದಿನದ ಕೂಲಿ

ಸುಗ್ಗಿ ಹಬ್ಬದ ಭಾನುವಾರ ಸಿಎಸ್‌ಐ ಚರ್ಚುಗಳ ಅಂಗಳದಲ್ಲಿ ನಡೆಯುವ ಹರಾಜನ್ನು ನೀವು ಒಮ್ಮೆಯಾದರೂ ನೋಡಬೇಕು. ಆರಾಧನೆ ಮುಗಿದ ಮೇಲೆ ಜನ ತಂದಿಟ್ಟ ಕುಂಬಳಕಾಯಿ, ಬಾಳೆಗೊನೆ, ತೆಂಗಿನಕಾಯಿ, ಕಾಲು ಕಟ್ಟಿದ ನಾಟಿಕೋಳಿ, ಮನೆಯಲ್ಲಿ ಮಾಡಿದ ಕೇಕು, ಯಾರದೋ ಟೆರೇಸಿನ ಕುಂಡದಲ್ಲಿ ಬಿಟ್ಟ ಆರು ಟೊಮೇಟೊ, ಎಲ್ಲವನ್ನೂ ಒಂದೊಂದಾಗಿ ಎತ್ತಿ ಹಿಡಿದು ಕೂಗುತ್ತಾರೆ. ಮಾರ್ಕೆಟ್ಟಿನಲ್ಲಿ 60 ರೂಪಾಯಿಗೆ ಸಿಗುವ ಕುಂಬಳಕಾಯಿ 2,000ಕ್ಕೆ ಹೋಗುತ್ತೆ. ಕೊಂಡವರು ಅದನ್ನು ಮನೆಗೆ ಒಯ್ಯದೆ ‘ಇನ್ನೊಂದ್ ಸಲ ಕೂಗಿ’ ಅಂತ ವಾಪಸ್ ಕೊಡುತ್ತಾರೆ. ಅದೇ ಕುಂಬಳಕಾಯಿ ಮತ್ತೆ 1,500ಕ್ಕೆ ಹೋಗುತ್ತೆ. ಹಿಂದಿನ ಸಾಲಿನಲ್ಲಿ ನಿಂತ ಅಜ್ಜಿಯರು ಯಾರು ಎಷ್ಟಕ್ಕೆ ಕೂಗಿದರು ಅಂತ ನೆನಪಿಟ್ಟುಕೊಳ್ಳುತ್ತಾರೆ.

ಹಳ್ಳಿಯ ಸಭೆಗಳಲ್ಲಿ ಇದಕ್ಕೆ ನೇರವಾದ ಅರ್ಥವಿತ್ತು: ಬೆಳೆದದ್ದರಲ್ಲಿ ಮೊದಲ ಫಲ ದೇವರಿಗೆ. ಬೆಂಗಳೂರಿನಲ್ಲಿ ನಾವು ಬೆಳೆಯೋದು ಹೆಚ್ಚೆಂದರೆ ಕೊತ್ತಂಬರಿ. ಹಾಗಾಗಿ ಹಿಂದಿನ ರಾತ್ರಿ ಆ್ಯಪ್‌ನಲ್ಲಿ ತರಿಸಿದ ಅನಾನಸ್ ಕೂಡ ‘ಪ್ರಥಮ ಫಲ’ದ ಮೇಜಿನ ಮೇಲೆ ಗಂಭೀರವಾಗಿ ಕೂತಿರುತ್ತೆ. ನಗು ಬರುತ್ತೆ ನಿಜ, ಆದರೂ ನನಗೆ ಈ ಹರಾಜು ಇಷ್ಟ. ವರ್ಷದಲ್ಲಿ ಒಂದು ದಿನವಾದರೂ ಬೆಲೆ ಮತ್ತು ವಸ್ತುವಿನ ನಡುವಿನ ಲೆಕ್ಕ ಕೆಟ್ಟು, ದೊಡ್ಡವರೆಲ್ಲ ಮಕ್ಕಳ ಥರ ಕೂಗಾಡುವ ಹೊತ್ತು ಅದು.

ಅವತ್ತಿನ ಪ್ರಸಂಗದ ವಿಷಯ ಸಾಮಾನ್ಯವಾಗಿ ಒಂದೇ: ದೇವರು ನಮ್ಮನ್ನು ಇಷ್ಟು ಪ್ರೀತಿಸಿದ್ದಾನೆ, ನಾವು ಅದಕ್ಕೆ ಏನು ಉತ್ತರ ಕೊಡುತ್ತೇವೆ? ಆಮೇಲೆ ಒಂದು ಪಟ್ಟಿ ಬರುತ್ತೆ. ತಪ್ಪದೆ ಆರಾಧನೆಗೆ ಬನ್ನಿ, ದಶಮಾಂಶ ಕೊಡಿ, ಬೆಳಗ್ಗೆ ಎದ್ದು ಪ್ರಾರ್ಥಿಸಿ, ಬೈಬಲ್ ಓದಿ. ಇದ್ಯಾವುದರ ಬಗ್ಗೆಯೂ ನನ್ನ ತಕರಾರಿಲ್ಲ. ಆದರೆ ಪಟ್ಟಿಯಲ್ಲಿರೋದೆಲ್ಲ ದೇವರ ಕಡೆಗೇ ಮುಖ ಮಾಡಿದೆ, ಗಮನಿಸಿದ್ದೀರಾ? ಕೊಡೋದಕ್ಕೆ ದೇವರಷ್ಟು ಸುಲಭದವರು ಇನ್ನೊಬ್ಬರಿಲ್ಲ. ಆತ ನಮ್ಮ ಹತ್ತಿರ ಕೈಸಾಲ ಕೇಳಲ್ಲ. ತಿಂಗಳಾದ ಮೇಲೆ ಫೋನ್ ಎತ್ತೋದು ನಿಲ್ಲಿಸಲ್ಲ. ನಮ್ಮ ದುಡ್ಡು ಬಾಕಿ ಇಟ್ಟುಕೊಂಡು ಹೊಸ ಬೈಕ್ ತಗೊಂಡು ಸ್ಟೇಟಸ್ ಹಾಕಲ್ಲ.

ಕನ್ನಡದಲ್ಲಿ ಬೆಳೆದ ನಮಗೆ ಪ್ರೀತಿ ಅಂದ ತಕ್ಷಣ ಹಿಂದೆಯೇ ಋಣ ಅನ್ನುವ ಪದ ಬಂದು ನಿಲ್ಲುತ್ತೆ. ತಾಯಿಯ ಋಣ, ಅನ್ನದ ಋಣ, ಮಣ್ಣಿನ ಋಣ. ತೀರಿಸಲಾಗದ್ದು ಅಂತ ಗೊತ್ತಿದ್ದೂ ತೀರಿಸುತ್ತಾ ಹೋಗಬೇಕಾದದ್ದು. ಒಳ್ಳೆಯ ಪದವೇ, ಮನುಷ್ಯನನ್ನು ಸೊಕ್ಕಿನಿಂದ ಕಾಯುತ್ತೆ. ದೇವರ ವಿಷಯಕ್ಕೂ ನಾವು ಇದೇ ಪದವನ್ನು ಹಚ್ಚಿಬಿಡುತ್ತೇವೆ. ಆತ ಪ್ರಾಣ ಕೊಟ್ಟ, ನಾವು ಕಂತು ಕಟ್ಟುತ್ತೇವೆ. ಭಾನುವಾರಕ್ಕೊಂದು ಕಂತು, ಕ್ರಿಸ್ಮಸ್ಸಿಗೆ ಸ್ವಲ್ಪ ದೊಡ್ಡ ಕಂತು. ಆದರೆ ಕರ್ತನ ಪ್ರಾರ್ಥನೆಯ ಒಂದು ಸಾಲು ಈ ಲೆಕ್ಕವನ್ನು ಒಪ್ಪುವುದಿಲ್ಲ. ಕನ್ನಡದಲ್ಲಿ ನಾವು ಅಲ್ಲಿ ‘ತಪ್ಪು’ಗಳನ್ನು ಕ್ಷಮಿಸುವ ಮಾತಾಡುತ್ತೇವೆ. ಮತ್ತಾಯನ ಗ್ರೀಕ್ ಪಠ್ಯದಲ್ಲಿರುವ ಪದದ ಅರ್ಥ ಸಾಲ. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯಲ್ಲಿ ಪಾಪಕ್ಕೂ ಸಾಲಕ್ಕೂ ಒಂದೇ ಪದವಿತ್ತು. ಅಂದರೆ ದಿನಾ ನಾವು ಕೇಳಿಕೊಳ್ಳುತ್ತಿರುವುದು ಸಾಲ ತೀರಿಸುವ ಶಕ್ತಿಯನ್ನಲ್ಲ, ಸಾಲ ಮನ್ನಾ. ಅದೂ ಒಂದು ಹೋಲಿಕೆಯ ಜೊತೆ: ನಾವು ನಮ್ಮ ಸಾಲಗಾರರಿಗೆ ಬಿಟ್ಟುಕೊಟ್ಟ ಹಾಗೆ. ಕಣ್ಣು ಮುಚ್ಚಿಕೊಂಡು ಹೇಳುವಾಗ ಈ ಎರಡನೇ ಅರ್ಧವನ್ನು ಎಲ್ಲರೂ ಸ್ವಲ್ಪ ವೇಗವಾಗಿ ಹೇಳಿ ಮುಗಿಸುತ್ತೇವೆ ಅಂತ ನನ್ನ ಅನುಮಾನ.

ನನಗೆ ಈ ಪದದ ಮೇಲೆ ಇಷ್ಟು ಕಣ್ಣು ಬೀಳಲು ಕಾರಣ ನನ್ನ ಹೊಟ್ಟೆಪಾಡು. ಒಂದು ಕಂಪನಿಯಲ್ಲಿ ಅಕೌಂಟ್ಸ್ ರಿಸೀವಬಲ್ ನೋಡಿಕೊಳ್ಳುತ್ತೇನೆ. ಬಿಡಿಸಿ ಹೇಳಿದರೆ ಬಾಕಿ ವಸೂಲಿ. ಪ್ರತಿ ಸೋಮವಾರ ಏಜಿಂಗ್ ರಿಪೋರ್ಟ್ ತೆಗೆಯಬೇಕು: ಯಾರ ಬಾಕಿ 30 ದಿನ ದಾಟಿದೆ, ಯಾರದ್ದು 60, ಯಾರದ್ದು 90. ಮೂವತ್ತಕ್ಕೆ ಮೆತ್ತಗಿನ ಮೇಲ್, ಅರವತ್ತಕ್ಕೆ ಫೋನು, ತೊಂಬತ್ತಕ್ಕೆ ಅವರ ಮ್ಯಾನೇಜರನ್ನೂ ಸೇರಿಸಿ ಮೇಲ್. ನನ್ನ ತಲೆ ಹೀಗೆ ಕೆಲಸ ಮಾಡುವುದರಿಂದ ಮತ್ತಾಯನ 18ನೇ ಅಧ್ಯಾಯದ ಸಾಮ್ಯ ನನಗೆ ಸಂಡೇ ಸ್ಕೂಲಿನ ಕಥೆಯಾಗಿ ಉಳಿದಿಲ್ಲ, ಕೇಸ್ ಫೈಲ್ ಆಗಿದೆ.

ಕಥೆ ಹೀಗೆ. ಸಹೋದರನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕಾ ಅಂತ ಪೇತ್ರ ಕೇಳುತ್ತಾನೆ. ಅವನೂ ಲೆಕ್ಕದವನೇ. ಅದಕ್ಕೆ ಯೇಸು ಒಬ್ಬ ರಾಜನ ಕಥೆ ಹೇಳುತ್ತಾನೆ. ರಾಜನಿಗೆ ಒಬ್ಬ ಸೇವಕ 10,000 ತಲಾಂತು ಕೊಡಬೇಕು. ಕೈಮುಗಿದು ಬೇಡಿಕೊಂಡಾಗ ರಾಜ ಪೂರ್ತಿ ಬಿಟ್ಟುಬಿಡುತ್ತಾನೆ. ಅದೇ ಸೇವಕ ಹೊರಗೆ ಬಂದು, ತನಗೆ 100 ದೆನಾರಿ ಕೊಡಬೇಕಾದ ಜೊತೆಗಾರನ ಕುತ್ತಿಗೆ ಹಿಡಿದು ಜೈಲಿಗೆ ಹಾಕಿಸುತ್ತಾನೆ.

ದೆನಾರಿ ಅಂದರೆ ಒಬ್ಬ ಕೂಲಿಯವನ ಒಂದು ದಿನದ ಸಂಬಳ. ಒಂದು ತಲಾಂತಿಗೆ ಸುಮಾರು 6,000 ದೆನಾರಿ. ಹಾಗಾದರೆ 10,000 ತಲಾಂತು ಅಂದರೆ 6 ಕೋಟಿ ದಿನದ ಕೂಲಿ. ವಾರಕ್ಕೆ ಆರು ದಿನ ದುಡಿದು, ಏನೂ ತಿನ್ನದೆ ಎಲ್ಲವನ್ನೂ ಕಟ್ಟಿದರೂ 1 ಲಕ್ಷ 90 ಸಾವಿರ ವರ್ಷ ಬೇಕು. ಗಲಿಲಾಯ ಮತ್ತು ಪೆರಿಯಾ ಪ್ರಾಂತ್ಯಗಳಿಂದ ಹೆರೋದ್ ಅಂತಿಪನಿಗೆ ಬರುತ್ತಿದ್ದ ವರ್ಷದ ಆದಾಯ 200 ತಲಾಂತು ಅಂತ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅಂದರೆ ಈ ಸೇವಕ ಒಂದು ಸಂಸ್ಥಾನದ ಐವತ್ತು ವರ್ಷದ ಆದಾಯವನ್ನು ನುಂಗಿ ಕೂತಿದ್ದಾನೆ. ಕೇಳುತ್ತಿದ್ದ ಮೀನುಗಾರರು ಜೋರಾಗಿ ನಕ್ಕಿರಬೇಕು.

ಸರಿ, ಆ ಕಡೆಯ ಅಂಕಿ ಯಾರಿಗೂ ಅರ್ಥವಾಗದಷ್ಟು ದೊಡ್ಡದು. ಪ್ರಸಂಗಿಗಳು ಇಲ್ಲಿಂದ ಮುಂದೆ ಒಂದು ಮಾತು ಹೇಳುತ್ತಾರೆ: ಆ ಇನ್ನೊಬ್ಬನ ಸಾಲವೋ, ಬರೀ ಚಿಲ್ಲರೆ. ನಾನು ಇದನ್ನು ಒಪ್ಪಲ್ಲ. ನೂರು ದಿನದ ಕೂಲಿ ಚಿಲ್ಲರೆಯಲ್ಲ. ಹೆಚ್ಚುಕಡಿಮೆ ನಾಲ್ಕು ತಿಂಗಳ ಸಂಬಳ. ನಿಮ್ಮ ನಾಲ್ಕು ತಿಂಗಳ ಸಂಬಳ ಎಷ್ಟು ಅಂತ ಒಮ್ಮೆ ಮನಸ್ಸಿನಲ್ಲೇ ಕೂಡಿಸಿ ನೋಡಿ, ಆಮೇಲೆ ಚಿಲ್ಲರೆ ಅನ್ನಿ. ಯೇಸು ಬೇಕಿದ್ದರೆ ‘ಎರಡು ದೆನಾರಿ’ ಅನ್ನಬಹುದಿತ್ತು. ಅನ್ನಲಿಲ್ಲ. ನೋಯುವಷ್ಟು ದೊಡ್ಡ ಮೊತ್ತವನ್ನೇ ಇಟ್ಟ.

ನನಗೆ ಬರಬೇಕಾಗಿದ್ದದ್ದೂ ಅಷ್ಟೇ. 2020ರ ಜುಲೈನಲ್ಲಿ ಹಾಸನದಲ್ಲಿರುವ ದೊಡ್ಡಪ್ಪನ ಮಗ, ಅಣ್ಣ, ಫೋನ್ ಮಾಡಿದ. ಅವನದ್ದು ಸಣ್ಣ ಪ್ರಿಂಟಿಂಗ್ ಪ್ರೆಸ್. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ಚುನಾವಣೆ ಬಂದರೆ ಕರಪತ್ರ. ಮದುವೆಗೆ 50 ಜನ ಮಾತ್ರ ಅಂತ ಸರ್ಕಾರ ನಿಯಮ ಮಾಡಿದ ಕಾಲ ಅದು. ಐವತ್ತು ಜನಕ್ಕೆ ಯಾರು ಕಾರ್ಡು ಹೊಡೆಸುತ್ತಾರೆ, ವಾಟ್ಸ್‌ಆ್ಯಪ್‌ನಲ್ಲೇ ಕರೆದರು. ಮೆಷಿನ್ನಿನ ಲೋನು, ಅಂಗಡಿ ಬಾಡಿಗೆ, ಇಬ್ಬರು ಹುಡುಗರ ಸಂಬಳ. ‘ಆರು ತಿಂಗಳು, ಪುಟ್ಟಿ’ ಅಂದ. 2,40,000 ರೂಪಾಯಿ ಕಳಿಸಿದೆ. ಆಗ ನನ್ನ ಕೈಗೆ ಬರುತ್ತಿದ್ದದ್ದು ತಿಂಗಳಿಗೆ 58,000. ಮನೆ ಕೊಳ್ಳಲು ಡೌನ್ ಪೇಮೆಂಟಿಗೆ ಅಂತ ನಾನೂ ನನ್ನ ಗಂಡನೂ ಕೂಡಿಸುತ್ತಿದ್ದ ದುಡ್ಡು.

ಮರುವರ್ಷ ಮೂರು ಕಂತಿನಲ್ಲಿ 30,000 ಬಂತು. ಆಮೇಲೆ ನಿಂತಿತು. ದುಡ್ಡಿನ ಹಿಂದೆಯೇ ಫೋನು ನಿಂತಿತು. 2021ರ ಕ್ರಿಸ್ಮಸ್ಸಿಗೆ ಅತ್ತಿಗೆಗೆ ಹುಷಾರಿಲ್ಲ ಅಂತ ಅವರು ಬೆಂಗಳೂರಿಗೆ ಬರಲಿಲ್ಲ. 2022ರಲ್ಲಿ ಕಾರಣವೂ ಹೇಳಲಿಲ್ಲ. ಚಿಕ್ಕಂದಿನಿಂದ ಡಿಸೆಂಬರ್ 23ಕ್ಕೆ ನಮ್ಮ ಮನೆಯ ಕಜ್ಜಾಯಕ್ಕೆ ಪಾಕ ನೋಡುತ್ತಿದ್ದದ್ದು ಅಣ್ಣನೇ. ಬೆರಳಿಗೆ ಅಂಟಿಸಿಕೊಂಡು ಎಳೆ ನೋಡಿ ‘ಈಗ’ ಅನ್ನುತ್ತಿದ್ದ. ಎರಡು ವರ್ಷ ನಮ್ಮ ಕಜ್ಜಾಯ ಗಟ್ಟಿಯಾದವು. ಅಮ್ಮ ಬಾಯಿಬಿಟ್ಟು ಹೆಚ್ಚು ಹೇಳಲಿಲ್ಲ. ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಅಂದು ಬಾಣಲೆ ಇಳಿಸಿದರು. ನನ್ನ ಗಂಡ ‘ದುಡ್ಡು ಹೋಗ್ಲಿ ಬಿಡು, ಒಂದು ಫೋನ್ ಮಾಡೋಕೇನು?’ ಅಂದ.

‘ಹೋಗ್ಲಿ ಬಿಡು’ ಅನ್ನೋ ಮಾತನ್ನು ನಮ್ಮ ಕೆಲಸದಲ್ಲಿ ಎರಡಾಗಿ ಸೀಳುತ್ತೇವೆ. ಒಂದು ರೈಟ್ ಆಫ್, ಇನ್ನೊಂದು ವೇವರ್. ಬ್ಯಾಂಕುಗಳು ಇಷ್ಟು ಸಾವಿರ ಕೋಟಿ ರೈಟ್ ಆಫ್ ಮಾಡಿದವು ಅಂತ ಸುದ್ದಿ ಬಂದಾಗಲೆಲ್ಲ ಫ್ಯಾಮಿಲಿ ಗ್ರೂಪುಗಳಲ್ಲಿ ‘ಸಾಹುಕಾರರ ಸಾಲ ಮನ್ನಾ’ ಅಂತ ಗಲಾಟೆಯಾಗುತ್ತೆ, ಸರ್ಕಾರದವರು ಪ್ರತಿ ಸಲ ಅದೇ ವಿವರಣೆ ಕೊಡುತ್ತಾರೆ. ರೈಟ್ ಆಫ್ ಅಂದರೆ ಬರುವ ಆಸೆ ಬಿಟ್ಟು ಲೆಕ್ಕದ ಪುಸ್ತಕದಿಂದ ತೆಗೆಯುವುದು ಮಾತ್ರ. ಸಾಲಗಾರನ ಹೊಣೆ ಹಾಗೇ ಇರುತ್ತೆ, ನಾಳೆ ಅವನ ಹತ್ತಿರ ದುಡ್ಡು ಕಂಡರೆ ಹೋಗಿ ಕೇಳಬಹುದು. ವೇವರ್ ಅಥವಾ ಮನ್ನಾ ಅಂದರೆ ಕೇಳುವ ಹಕ್ಕನ್ನೇ ಬಿಟ್ಟುಕೊಡುವುದು. ಮೊದಲನೆಯದಕ್ಕೆ ಸಾಲಗಾರನಿಗೆ ಹೇಳಬೇಕಾಗಿಯೂ ಇಲ್ಲ. ಎರಡನೆಯದನ್ನು ಅವನಿಗೆ ಹೇಳದೆ ಮಾಡಲು ಆಗಲ್ಲ.

ನಮ್ಮ ಮನೆಯಲ್ಲಿ ಅಣ್ಣನ ಬಾಕಿ ರೈಟ್ ಆಫ್ ಆಗಿತ್ತು. ಯಾರೂ ಕೇಳುತ್ತಿರಲಿಲ್ಲ, ಯಾರೂ ಮರೆತೂ ಇರಲಿಲ್ಲ. ಸುತ್ತ ನೋಡಿದರೆ ನಾವು ಕ್ಷಮೆ ಅಂತ ಕರೆಯುವ ಬಹುಪಾಲು ಸಂಗತಿ ಇದೇ. ಅತ್ತೆ ಹತ್ತು ವರ್ಷದ ಹಿಂದೆ ಅಂದ ಮಾತು, ಪ್ರಮೋಷನ್ ಹೊತ್ತಿಗೆ ಕೈಕೊಟ್ಟ ಟೀಮ್ ಲೀಡ್, ಗೋವಾ ಟ್ರಿಪ್ಪಿನ ಪಾಲು ಕೊಡದ ಗೆಳೆಯ. ಸ್ಪ್ಲಿಟ್‌ವೈಸ್‌ನಿಂದ ಅವನ ಹೆಸರು ತೆಗೆದಿರುತ್ತೇವೆ, ಅವನು ಐಫೋನ್ ತಗೊಂಡ ದಿನ ಮೊತ್ತ ಪೈಸೆ ಸಮೇತ ನೆನಪಾಗುತ್ತೆ.

ಬೈಬಲ್ಲಿನ ಹಳೇ ಒಡಂಬಡಿಕೆ ಈ ವಿಷಯದಲ್ಲಿ ಅಚ್ಚರಿಯಾಗುವಷ್ಟು ವ್ಯಾವಹಾರಿಕ. ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ಕೂಡದು ಅಂತ ವಿಮೋಚನಕಾಂಡ ಹೇಳುತ್ತೆ. ಅವನ ಹೊದಿಕೆಯನ್ನು ಅಡವಿಟ್ಟುಕೊಂಡರೆ ಸೂರ್ಯ ಮುಳುಗುವ ಮೊದಲು ವಾಪಸ್ ಕೊಡಬೇಕು, ರಾತ್ರಿ ಅವನು ಹೊದೆಯಲು ಅದೊಂದೇ ಇರೋದು. ಧರ್ಮೋಪದೇಶಕಾಂಡದ 15ನೇ ಅಧ್ಯಾಯದ ಪ್ರಕಾರ ಏಳು ವರ್ಷಕ್ಕೊಮ್ಮೆ ಸಾಲಗಳನ್ನೇ ಬಿಟ್ಟುಬಿಡಬೇಕು. ಏಳನೇ ವರ್ಷ ಹತ್ತಿರ ಬಂತು ಅಂತ ಸಾಲ ಕೊಡದೆ ಜಿಪುಣತನ ಮಾಡಬೇಡಿ ಅಂತ ಎಚ್ಚರಿಕೆಯೂ ಅಲ್ಲೇ ಇದೆ. ಜನ ಮಾಡಿದ್ದು ಅದನ್ನೇ. ಮುಂದೆ ಹಿಲ್ಲೆಲ್ ಎಂಬ ಯೆಹೂದಿ ಗುರು, ಬಡವರಿಗೆ ಸಾಲವೇ ಹುಟ್ಟದಂತಾಯಿತಲ್ಲ ಅಂತ, ಬಾಕಿಯನ್ನು ನ್ಯಾಯಾಲಯದ ಹೆಸರಿಗೆ ಬರೆಸಿ ಏಳನೇ ವರ್ಷದಿಂದ ತಪ್ಪಿಸುವ ಒಂದು ಪತ್ರದ ಪದ್ಧತಿ ತಂದ. ಫೈನಾನ್ಸ್‌ನಲ್ಲಿ ಕೆಲಸ ಮಾಡುವ ನನಗೆ ಹಿಲ್ಲೆಲ್ ಮೇಲೆ ಸಿಟ್ಟು ಬರಲ್ಲ. ಮನ್ನಾ ಅನ್ನೋದನ್ನು ಕಾನೂನು ಮಾಡಿದರೆ ಜನ ದಾರಿ ಹುಡುಕುತ್ತಾರೆ. ಅದು ಇನ್ನೆಲ್ಲಿಂದಲೋ ಬರಬೇಕು.

ಎಲ್ಲಿಂದ ಅನ್ನೋದಕ್ಕೆ ಆ ಸೇವಕನನ್ನೇ ಇನ್ನೊಂದು ಸಲ ನೋಡಿ. ಅವನು ರಾಜನ ಹತ್ತಿರ ಮನ್ನಾ ಕೇಳಲೇ ಇಲ್ಲ. ಕೇಳಿದ್ದು ಟೈಮು. ಸ್ವಲ್ಪ ತಾಳಿಕೊಳ್ಳಿ, ಎಲ್ಲ ತೀರಿಸ್ತೀನಿ ಅಂದ. ಲಕ್ಷಗಟ್ಟಲೆ ವರ್ಷದ ಸಾಲವನ್ನು! ರಾಜ ಕೊಟ್ಟದ್ದು ಅವನು ಕೇಳದೇ ಇದ್ದದ್ದನ್ನು. ನನ್ನ ಓದು ಏನೆಂದರೆ, ಅವನಿಗೆ ಅದು ತಲುಪಲೇ ಇಲ್ಲ. ಕಿವಿಗೆ ಬಿದ್ದದ್ದು ‘ಗಡುವು ಸಿಕ್ತು’ ಅಂತ. ಸಾಲಗಾರನ ಮನಸ್ಸಿನಲ್ಲೇ ಹೊರಗೆ ಬಂದ, ಹಾಗಾಗಿಯೇ ಎದುರಿಗೆ ಸಿಕ್ಕ ಮೊದಲನೆಯವನ ಹತ್ತಿರ ವಸೂಲಿಗೆ ಇಳಿದ. ತೀರಿಸಬೇಕಲ್ಲ. ಅವನು ಕ್ರೂರಿ ಅಂತ ನಮಗೆ ಕಲಿಸಿದ್ದಾರೆ, ನನಗೆ ಅವನು ಮೊದಲು ಗಾಬರಿಬಿದ್ದವನ ಹಾಗೆ ಕಾಣುತ್ತಾನೆ. ಕಥೆಯ ಕೊನೆಯಲ್ಲಿ ರಾಜ ಸಿಟ್ಟಾಗಿ ಅವನನ್ನು ಪೀಡಿಸುವವರ ಕೈಗೆ ಒಪ್ಪಿಸುತ್ತಾನೆ. ಆ ಭಾಗ ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಜಕ್ಕಾಯನನ್ನು ಇವನ ಪಕ್ಕ ನಿಲ್ಲಿಸಬೇಕು. ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ, ನಮ್ಮ ಭಾಷೆಯಲ್ಲಿ ವಸೂಲಿ ಇಲಾಖೆಯ ಹೆಡ್. ಮರ ಹತ್ತಿ ಕೂತವನನ್ನು ನೋಡಿ ಯೇಸು, ಇಳಿದು ಬಾ, ಇವತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ತೀನಿ ಅನ್ನುತ್ತಾನೆ. ಷರತ್ತಿಲ್ಲ, ಬುದ್ಧಿಮಾತಿಲ್ಲ. ಅದಾದ ಮೇಲೆ ಜಕ್ಕಾಯ ತಾನಾಗಿ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಅಂತ ಹೇಳುತ್ತಾನೆ. ಊಟಕ್ಕೆ ಬಂದ ಅತಿಥಿಗೆ ಅವನು ಏನು ಕೊಟ್ಟ ಅಂತ ಲೂಕ ಬರೆದಿಲ್ಲ. ಕೊಟ್ಟದ್ದೆಲ್ಲ ಬೀದಿಯ ಕಡೆಗೆ ಹೋಯಿತು.

ಇಲ್ಲಿ ಒಂದು ಮಾತು ಸೇರಿಸದೆ ಮುಂದೆ ಹೋಗಲ್ಲ. ಕ್ಷಮಿಸಿ ಕ್ಷಮಿಸಿ ಅನ್ನುವ ಬೋಧನೆ ನಮ್ಮ ಸಭೆಗಳಲ್ಲಿ ಹೆಚ್ಚಾಗಿ ಬೀಳೋದು ಯಾರ ಮೇಲೆ? ಹೊಡೆಯುವ ಗಂಡನ ಹತ್ತಿರ ವಾಪಸ್ ಹೋಗು ಅಂತ ಹೇಳಿಸಿಕೊಂಡ ಹೆಂಗಸರ ಮೇಲೆ, ಪಾಲು ಸಿಗದ ತಂಗಿಯರ ಮೇಲೆ. ಮತ್ತಾಯನ ಕಥೆಯಲ್ಲಿ ಮನ್ನಾ ಮಾಡುವವನು ಸಿಂಹಾಸನದ ಮೇಲೆ ಕೂತವನು. ಎರಡನೇ ದೃಶ್ಯದಲ್ಲೂ ಮಾತು ಬರೋದು ಕುತ್ತಿಗೆ ಹಿಡಿದವನಿಗೆ, ಹಿಡಿಸಿಕೊಂಡವನಿಗಲ್ಲ. ಪುಸ್ತಕ ಯಾರ ಕೈಯಲ್ಲಿದೆಯೋ ಅವರಿಗೆ ಹೇಳಿದ ಕಥೆ ಅದು. ನನ್ನ ಮತ್ತು ಅಣ್ಣನ ನಡುವೆ ಪುಸ್ತಕ ನನ್ನ ಕೈಯಲ್ಲಿತ್ತು, ಅನುಮಾನವೇ ಇಲ್ಲ. ನನಗೆ ಸಂಬಳವಿತ್ತು, ಪಿಎಫ್ ಇತ್ತು, ಆಫೀಸಿನ ಇನ್ಶೂರೆನ್ಸ್ ಇತ್ತು. ಅವನಿಗೆ ಬಾಗಿಲು ಅರ್ಧ ಎಳೆದ ಪ್ರೆಸ್ಸಿತ್ತು.

2023ರ ಲೆಂಟ್‌ನಲ್ಲಿ ನಾನೂ ನನ್ನ ಗಂಡನೂ ಕೂತು ಮಾತಾಡಿದೆವು. ಆ ನಲವತ್ತು ದಿನ ನಮ್ಮ ಕಡೆ ಮಾಂಸ ಬಿಡುತ್ತಾರೆ, ಈಚೆಗೆ ಕೆಲವರು ಇನ್‌ಸ್ಟಾಗ್ರಾಮ್ ಬಿಡುತ್ತಾರೆ. ನಾವು ಬಿಡಬಹುದಾದ ಇನ್ನೊಂದು ವಸ್ತು ಮನೆಯಲ್ಲಿತ್ತು. ಡೌನ್ ಪೇಮೆಂಟಿನ ಲೆಕ್ಕ ಮತ್ತೆ ಹಾಕಿದೆವು. 2,10,000 ಇಲ್ಲದೆಯೂ ಆಗುತ್ತೆ, ಆದರೆ ಒಂದು ವರ್ಷ ತಡವಾಗುತ್ತೆ. ‘ಒಂದು ವರ್ಷ ಬಾಡಿಗೆ ಅಂತ ತಿಳ್ಕೋ’ ಅಂದ ಅವನು. ಯಾವುದರ ಬಾಡಿಗೆ ಅಂತ ನಾನೂ ಕೇಳಲಿಲ್ಲ.

ಫೋನಿನಲ್ಲಿ ಹೇಳುವ ವಿಷಯವಲ್ಲ ಅಂತ ಹಾಸನದ ಬಸ್ ಹತ್ತಿದೆ. ಶನಿವಾರ ಮಧ್ಯಾಹ್ನ. ಪ್ರೆಸ್ಸಿನಲ್ಲಿ ಅಣ್ಣ ಒಬ್ಬನೇ ಇದ್ದ, ಹುಡುಗರಿರಲಿಲ್ಲ. ನನ್ನನ್ನು ಕಂಡ ತಕ್ಷಣ ಮುಖ ಸಣ್ಣದಾಯಿತು, ನಾನು ಸ್ಟೂಲ್ ಎಳೆದು ಕೂರುವ ಮೊದಲೇ ಕಾರಣಗಳನ್ನು ಹೇಳಲು ಶುರು ಮಾಡಿದ. ಪೇಪರ್ ರೇಟು, ಒಬ್ಬ ಪಾರ್ಟಿ ಕೈಕೊಟ್ಟದ್ದು, ಮಗಳ ಕಾಲೇಜು. ನಿಲ್ಲಿಸಲು ನಾನು ಎರಡು ಸಲ ‘ಅಣ್ಣ’ ಅನ್ನಬೇಕಾಯಿತು. ‘ಅದಕ್ಕಲ್ಲ ಬಂದಿದ್ದು. ಆ ದುಡ್ಡು ಬೇಡ ಅಂತ ಹೇಳೋಕೆ ಬಂದೆ. ಇನ್ನು ಅದು ಇಲ್ಲ. ನೀನು ಡಿಸೆಂಬರಲ್ಲಿ ಬಾ.’

ಅವನು ಹಗುರಾಗುತ್ತಾನೆ, ಸ್ವಲ್ಪ ಕಣ್ಣೀರು ಹಾಕುತ್ತಾನೆ, ಕಾಫಿ ಕುಡಿದು ನಾನು ಆರು ಗಂಟೆ ಬಸ್ಸಿಗೆ ಹೊರಡುತ್ತೇನೆ ಅಂದುಕೊಂಡಿದ್ದೆ. ಅವನಿಗೆ ಸಿಟ್ಟು ಬಂತು. ‘ಏನ್ ಪುಟ್ಟಿ, ನಂಗೆ ಧರ್ಮಕ್ಕೆ ಕೊಡೋಕ್ ಬಂದಿದ್ಯಾ? ನಾನೇನು ಎಗರಿಸ್ತೀನಿ ಅಂದ್ನಾ? ಟೈಮ್ ಕೊಡು ಸಾಕು. ಮನ್ನಾ ಗಿನ್ನಾ ಬೇಡ.’ ಡ್ರಾಯರ್ ಎಳೆದು ಒಂದು ನೋಟ್ ಬುಕ್ ತೆಗೆದ. ಅವನೇ ಬೈಂಡ್ ಮಾಡಿದ್ದು, ಮದುವೆ ಕಾರ್ಡಿನ ಚಿನ್ನದ ಬಣ್ಣದ ರಟ್ಟು. ನನ್ನ ಹೆಸರಿನ ಕೆಳಗೆ 2,40,000, ಅದರ ಕೆಳಗೆ ಮೂರು ಕಂತು, ತಾರೀಖು ಸಮೇತ. ಆಮೇಲೆ ಖಾಲಿ. ‘ನೋಡು, ಮರ್ತಿಲ್ಲ’ ಅಂದ.

ಟೈಮ್ ಕೊಡು ಸಾಕು. ಬೈಬಲ್ಲಿನಲ್ಲಿ ನೂರಾರು ಸಲ ಓದಿದ ಮಾತು ಹಾಸನದ ಪ್ರೆಸ್ಸಿನಲ್ಲಿ ಇಂಕಿನ ವಾಸನೆಯ ನಡುವೆ ಕೇಳಿಸಿತು. ಅವನ ಕಡೆಯಿಂದ ಅದು ಸರಿಯಾಗಿಯೂ ಇತ್ತು. ತೀರಿಸುತ್ತೇನೆ ಅನ್ನುವವನಿಗೆ ತಲೆ ಎತ್ತಿ ಕೂರಲು ಒಂದು ಜಾಗ ಇರುತ್ತೆ. ಬಿಟ್ಟೆ ಅಂದಾಗ ಆ ಜಾಗ ಹೋಗುತ್ತೆ. ಸುಮ್ಮನೆ ಪ್ರೀತಿಸಿಕೊಳ್ಳೋದು, ತಿರುಗಿ ಕೊಡಲು ಕೈಯಲ್ಲಿ ಏನೂ ಇಲ್ಲದೆ, ಮೈಮೇಲೆ ಬಟ್ಟೆ ಇಲ್ಲದ ಹಾಗೆ. ನಮ್ಮ ಅಂಗಳದ ಹರಾಜಿನಲ್ಲಿ ಕುಂಬಳಕಾಯಿಗೆ 2,000 ಕೂಗುವ ಕೈಗಳಲ್ಲಿ ಸಂತೋಷದ ಜೊತೆ ಈ ಮುಜುಗರವೂ ಸ್ವಲ್ಪ ಇರುತ್ತೆ ಅಂತ ಆ ಮಧ್ಯಾಹ್ನದಿಂದ ನನಗೆ ಅನ್ನಿಸುತ್ತೆ. ದೇವರಿಗೂ ನಾವು ‘ಟೈಮ್ ಕೊಡಿ, ತೀರಿಸ್ತೀವಿ’ ಅನ್ನುತ್ತಿರುತ್ತೇವೆ.

ನಾನು ವಾದ ಮಾಡಲಿಲ್ಲ. ಸಂಜೆ ಆರರ ಬಸ್ಸನ್ನೂ ಹಿಡಿಯಲಿಲ್ಲ. ಅಣ್ಣ ಮಾತಾಡದೆ ಅಂಗಡಿ ಎಳೆದ, ಮಾತಾಡದೆ ಮನೆಗೆ ಕರೆದುಕೊಂಡು ಹೋದ. ಅತ್ತಿಗೆ ಅವರೆಕಾಳು ಹಾಕಿ ಉಪ್ಪಿಟ್ಟು ಮಾಡಿದರು. ಊಟದ ಹೊತ್ತಿಗೆ ಅವರೇ ಅಡುಗೆಮನೆಯಿಂದ ಬಂದು, ‘ನೀವು ಹೇಳಿದ್ದು ನಂಗೆ ಹೇಳಿದ್ರು. ರಾತ್ರಿ ನಿದ್ದೆ ಮಾಡ್ತಿರ್ಲಿಲ್ಲ ಅವ್ರು. ಈಗ ಸಿಟ್ಟು ಮಾಡ್ಕೊಂಡಿದಾರೆ, ಮಾಡ್ಕೊಳ್ಲಿ ಬಿಡಿ’ ಅಂದರು. ಭಾನುವಾರ ಬೆಳಗ್ಗೆ ಅವರ ಜೊತೆ ಆರಾಧನೆಗೆ ಹೋದೆ. ಕರ್ತನ ಪ್ರಾರ್ಥನೆ ಬಂದಾಗ ನಾನು ಕಣ್ಣು ಮುಚ್ಚಲಿಲ್ಲ, ಅಣ್ಣನ ಕಡೆ ನೋಡಿದೆ. ಅವನೂ ಕಣ್ಣು ಮುಚ್ಚಿರಲಿಲ್ಲ. ಎದುರಿನ ಕಿಟಕಿ ನೋಡುತ್ತಿದ್ದ.

ಆ ಡಿಸೆಂಬರಿನಲ್ಲಿ ಅವರು ಬಂದರು. ಪಾಕ ಅವನೇ ನೋಡಿದ. ಅದಕ್ಕೂ ಮೊದಲೇ, ಸೆಪ್ಟೆಂಬರಿನಿಂದ, ಅವನ ನಂಬರಿನಿಂದ ಯುಪಿಐ ಬರಲು ಶುರುವಾಗಿತ್ತು. ಮೊದಲನೆಯದು 1,000, ನೋಟ್‌ನಲ್ಲಿ ‘ಸಾಲ ಅಲ್ಲ’ ಅಂತಿತ್ತು. ವಾಪಸ್ ಕಳಿಸಲು ಬೆರಳು ಹೋಗಿತ್ತು, ನನ್ನ ಗಂಡ ಫೋನ್ ಕಿತ್ತುಕೊಂಡ. ‘ಅವರು ಕೊಟ್ರೆ ನೀನು ತಗೊಳ್ಳಕ್ಕಾಗಲ್ವಾ?’ ಅಂದ. ತಗೊಂಡೆ. ಸುಲಭವಾಗಿರಲಿಲ್ಲ. ಯಾವ ಕಾಲಮ್ಮಿನಲ್ಲಿ ಬರೆಯುವುದು ಅಂತ ಗೊತ್ತಾಗದ ದುಡ್ಡು ನನ್ನ ವೃತ್ತಿಯವರಿಗೆ ಹಿಂಸೆ. ಕೆಲವು ತಿಂಗಳು ಬರುತ್ತೆ, ಕೆಲವು ತಿಂಗಳು ಇಲ್ಲ, ನಾನು ಕೂಡಿಸಿ ನೋಡಿಲ್ಲ. ಹೋದ ತಿಂಗಳು ಬಂದದ್ದು 700. ‘ಮಗೂಗೆ ಶೂ’ ಅಂತ ಬರೆದಿದ್ದ. ಅಷ್ಟಕ್ಕೆ ಶೂ ಸಿಗಲಿಲ್ಲ, ನಡೆದರೆ ಪೀಂ ಅನ್ನುವ ಒಂದು ಜೊತೆ ಚಪ್ಪಲಿ ಸಿಕ್ಕಿತು. ವಿಡಿಯೊ ಮಾಡಿ ಕಳಿಸಿದೆವು.